ಜನವರಿಯ ದಾವೆದಾರ

ಅಮೆರಿಕನ್ ಫುಟ್‌ಬಾಲಿನ ಅಭಿಮಾನಿಯನ್ನು ಗುರುತು ಹಿಡಿಯಲು ಅವನ ಜೆರ್ಸಿ ನೋಡಬೇಕಾಗಿಲ್ಲ. ಅವನ ತಂಡ ಪ್ಲೇಆಫ್‌ನಲ್ಲಿ ಸೋತದ್ದು ಯಾವಾಗ ಎಂದು ಕೇಳಿದರೆ ಸಾಕು. ಸಾಮಾನ್ಯ ಮನುಷ್ಯ ಇಸವಿ ಹೇಳಿ ಸುಮ್ಮನಾಗುತ್ತಾನೆ. ಇವನು ತಾರೀಖು ಹೇಳುತ್ತಾನೆ, ಗಡಿಯಾರದಲ್ಲಿ ಉಳಿದಿದ್ದ ಸೆಕೆಂಡು ಹೇಳುತ್ತಾನೆ, ಚೆಂಡು ಎಷ್ಟನೇ ಗಜದ ಗೆರೆಯ ಮೇಲಿತ್ತು, ಪಟ್ಟೆ ಅಂಗಿಯ ರೆಫರಿ ಎಲ್ಲಿ ನಿಂತಿದ್ದ, ಅಲ್ಲಿ ನಿಂತೂ ಏನನ್ನು ನೋಡಲಿಲ್ಲ ಎಂಬುದನ್ನೆಲ್ಲ ಹೇಳುತ್ತಾನೆ. ನಮ್ಮ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಮೂವತ್ತು ವರ್ಷದ ಜಮೀನು ವ್ಯಾಜ್ಯದ ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಕೂತಿರುವ ಹಿರಿಯರನ್ನು ಕಂಡವರಿಗೆ ಈ ಆಸಾಮಿ ಹೊಸಬನಲ್ಲ. ಸರ್ವೆ ನಂಬರು, ಹಿಸ್ಸಾ, ಬದುವಿನ ಮೇಲಿದ್ದ ಹುಣಸೆಮರ ಎಲ್ಲವೂ ಬಾಯಿಪಾಠ. ಎದುರು ಪಾರ್ಟಿಯ ಹೆಸರೆತ್ತಿದರೆ ಬಿ.ಪಿ. ಏರುತ್ತದೆ, ಆ ಜಮೀನಿನಲ್ಲಿ ಈಗ ಏನು ಬೆಳೆದಿದೆ ಎಂಬುದೊಂದು ಮಾತ್ರ ಗೊತ್ತಿರುವುದಿಲ್ಲ. ಇಬ್ಬರದೂ ಒಂದೇ ಕುಲ. ಒಬ್ಬರ ಕೈಯಲ್ಲಿ ಪಹಣಿ, ಇನ್ನೊಬ್ಬನ ಕೈಯಲ್ಲಿ ಟಿವಿ ರಿಮೋಟು, ಅಷ್ಟೇ ವ್ಯತ್ಯಾಸ. (ಅವನು ಎಂದು ಬರೆಯುತ್ತಿದ್ದೇನೆ. ಅವಳೂ ಉಂಟು, ಅವಳ ಕಡತವೂ ಅಷ್ಟೇ ದಪ್ಪ.)

ಈ ಅಭಿಮಾನಿಯನ್ನು ಪ್ರೇಕ್ಷಕ ಎಂದು ಕರೆಯುವುದು ತಪ್ಪು, ಅವನು ದಾವೆದಾರ ಎಂಬುದು ನನ್ನ ವಾದ. ಆಟಗಾರರ ಮೇಲೆ, ಕೋಚ್ ಮೇಲೆ, ರೆಫರಿ ಮೇಲೆ ಅವನು ಉದುರಿಸುವ ಅಭಿಪ್ರಾಯಗಳು ಮೇಲ್ನೋಟಕ್ಕೆ ಆಟದ ವಿಮರ್ಶೆಯಂತೆ ಕಾಣುತ್ತವೆ. ಅವುಗಳ ಕೆಲಸವೇ ಬೇರೆ: ಮುಗಿದುಹೋದ ಆಟಕ್ಕೆ ತಡೆಯಾಜ್ಞೆ ತರುವುದು. ಇದಕ್ಕೆ ಕಾರಣ ಅವನ ಸ್ವಭಾವಕ್ಕಿಂತ ಹೆಚ್ಚಾಗಿ ಎನ್‌ಎಫ್‌ಎಲ್ ಎಂಬ ಲೀಗಿನ ಪಂಚಾಂಗದಲ್ಲಿದೆ. ಮೂವತ್ತೆರಡು ತಂಡಗಳು ಸೆಪ್ಟೆಂಬರ್‌ನಿಂದ ಜನವರಿಯವರೆಗೆ ತಲಾ 17 ಪಂದ್ಯ ಆಡುತ್ತವೆ. ಹದಿನಾಲ್ಕು ತಂಡಗಳು ಪ್ಲೇಆಫ್‌ಗೆ ಬರುತ್ತವೆ. ಅಲ್ಲಿ ಒಂದು ಸೋತರೆ ಮನೆಗೆ. ಬ್ಯಾಸ್ಕೆಟ್‌ಬಾಲಿನಲ್ಲೂ ಬೇಸ್‌ಬಾಲಿನಲ್ಲೂ ಏಳು ಪಂದ್ಯಗಳ ಸರಣಿ ಇದೆ, ನಾಲ್ಕು ಗೆದ್ದವರು ಮುಂದಕ್ಕೆ. ಒಂದು ದಿನ ಹೊಟ್ಟೆ ಕೆಟ್ಟಿದ್ದರೂ ಮರುದಿನ ಸರಿಮಾಡಿಕೊಳ್ಳಬಹುದು. ಇಲ್ಲಿ ಆ ಭಾಗ್ಯವಿಲ್ಲ. ಅದರ ಮೇಲೆ ಚೆಂಡೂ ದುಂಡಗಿಲ್ಲ. ಎರಡೂ ತುದಿ ಚೂಪಾದ ಆ ವಸ್ತು ನೆಲಕ್ಕೆ ಬಿದ್ದಾಗ ಯಾವ ಕಡೆ ಹಾರುತ್ತದೆಂದು ದೇವರಿಗೂ ಗೊತ್ತಿರಲಾರದು. ಐದು ತಿಂಗಳ ತಪಸ್ಸು ಅಂಥದೊಂದು ಪುಟಿತದಲ್ಲಿ ಕೊಚ್ಚಿಹೋದರೆ ಅದನ್ನು ಅದೃಷ್ಟ ಎಂದು ಕರೆದು ಮಲಗಿಬಿಡಲು ಸಂತನಾಗಿರಬೇಕು. ಅಭಿಮಾನಿ ಸಂತನಲ್ಲ. ಅವನಿಗೆ ಆರೋಪಿ ಬೇಕು.

ನನ್ನ ವಾದಕ್ಕೆ ಮೊದಲ ಸಾಕ್ಷಿ ಏಕಪಕ್ಷೀಯ ಪಂದ್ಯಗಳು. ಅಭಿಮಾನಿಯ ಮಾತು ನಿಜಕ್ಕೂ ಆಟದ ಗುಣಮಟ್ಟದ ಬಗ್ಗೆ ಆಗಿದ್ದರೆ, ತಂಡ ಎಷ್ಟು ಹೀನಾಯವಾಗಿ ಸೋತಿದೆಯೋ ಅಷ್ಟು ಹೆಚ್ಚು ಮಾತು ಹುಟ್ಟಬೇಕಿತ್ತು. ಆಗುವುದು ತದ್ವಿರುದ್ಧ. 1990ರ ಜನವರಿಯಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲಿ ಡೆನ್ವರ್ ತಂಡ ಸ್ಯಾನ್ ಫ್ರಾನ್ಸಿಸ್ಕೋ ಎದುರು 55-10ರಿಂದ ಸೋತಿತು. 2014ರಲ್ಲಿ ಅದೇ ಡೆನ್ವರ್ ಸಿಯಾಟಲ್ ಎದುರು 43-8. ಡೆನ್ವರ್‌ನವರು ಇವೆರಡನ್ನೂ ಮನೆಯ ಹಳೆಯ ಸಾಲದ ಹಾಗೆ ಬಾಯಿಬಿಡದೆ ನುಂಗಿಕೊಂಡಿದ್ದಾರೆ. ಅದೇ 1991ರ ಜನವರಿಯಲ್ಲಿ ಬಫಲೋ ಬಿಲ್ಸ್ ನ್ಯೂಯಾರ್ಕ್ ಜೈಂಟ್ಸ್ ಎದುರು 20-19ರಿಂದ ಸೋತದ್ದನ್ನು ನೋಡಿ. ಕೊನೆಯ ಎಂಟು ಸೆಕೆಂಡು, 47 ಗಜದ ಒದೆತ, ಸ್ಕಾಟ್ ನಾರ್‌ವುಡ್‌ನ ಚೆಂಡು ಕಂಬದ ಬಲಕ್ಕೆ ಸರಿದುಹೋಯಿತು. ಮೂವತ್ತು ವರ್ಷ ದಾಟಿದರೂ ಬಫಲೋ ಊರಿನಲ್ಲಿ ಆ ಚೆಂಡು ಇನ್ನೂ ನೆಲ ಮುಟ್ಟಿಲ್ಲ. ಒಂದು ಅಂಕದ ಸೋಲಿನಲ್ಲಿ ವಾದಕ್ಕೆ ಅವಕಾಶವಿದೆ. ನಲವತ್ತೈದು ಅಂಕದ ಸೋಲಿನಲ್ಲಿ ಯಾವ ವಕೀಲನೂ ವಕಾಲತ್ತು ಹಾಕುವುದಿಲ್ಲ.

ಇನ್ನು ಆಟದ ರಚನೆಯೇ ಇವನಿಗೆ ಕುಮ್ಮಕ್ಕು ಕೊಡುವಂತಿದೆ. ಮೂರು ಗಂಟೆಗೂ ಮೀರಿ ನಡೆಯುವ ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ ಎಂದು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2010ರಲ್ಲಿ ಲೆಕ್ಕ ಹಾಕಿ ತೋರಿಸಿತ್ತು. ಉಳಿದ ಹೊತ್ತೆಲ್ಲ ಆಟಗಾರರು ಗುಂಪುಗೂಡುವುದು, ಸಾಲು ನಿಲ್ಲುವುದು, ಜಾಹೀರಾತು, ಮರುಪ್ರಸಾರ. ಪ್ರತಿ ಎಸೆತದ ನಡುವೆ ನಲವತ್ತು ಸೆಕೆಂಡಿನ ಬಿಡುವು. ಐದಾರು ಸೆಕೆಂಡಿನ ಘಟನೆ, ನಲವತ್ತು ಸೆಕೆಂಡಿನ ವಾದ: ಇಂಥ ಅನುಪಾತ ನಮ್ಮ ಸಿವಿಲ್ ಕೋರ್ಟುಗಳಿಗೂ ಹೊಟ್ಟೆಕಿಚ್ಚು ತರಿಸುವಂಥದ್ದು. ಮೈದಾನದ ನಡಾವಳಿಯೂ ಹಾಗೆಯೇ ಇದೆ. ಮುಖ್ಯ ರೆಫರಿ ಸೊಂಟದ ಮೈಕು ಒತ್ತಿ, ಇಂಥ ನಂಬರಿನ ಆಟಗಾರ ಇಂಥ ಅಪರಾಧ ಮಾಡಿದ್ದಾನೆ, ಶಿಕ್ಷೆ ಇಷ್ಟು ಗಜ ಎಂದು ಎಪ್ಪತ್ತು ಸಾವಿರ ಜನರೆದುರು ತೀರ್ಪು ಓದುತ್ತಾನೆ. ತೀರ್ಪು ಒಪ್ಪದ ಕೋಚ್ ಸಾಕ್ಸಿನಿಂದಲೋ ಜೇಬಿನಿಂದಲೋ ಕೆಂಪು ಬಟ್ಟೆ ತೆಗೆದು ಒಳಕ್ಕೆಸೆದರೆ ಅದು ಮೇಲ್ಮನವಿ. ಮನವಿ ವಜಾ ಆದರೆ ಒಂದು ಟೈಮ್‌ಔಟ್ ಹೋಯಿತು, ಅದು ಕೋರ್ಟ್ ಫೀ. ಚೆಂಡು ಹತ್ತು ಗಜ ಮುಂದೆ ಹೋಗಿದೆಯೋ ಇಲ್ಲವೋ ಎಂಬ ತಕರಾರು ಬಂದಾಗ ಇಬ್ಬರು ಆಳುಗಳು ಎರಡು ಕೋಲು, ನಡುವೆ ಸರಪಳಿ ಹಿಡಿದು ಓಡಿಬರುತ್ತಿದ್ದರು, ಥೇಟ್ ಸರ್ವೆ ಇಲಾಖೆ. 2025ರಿಂದ ಅಳೆಯುವ ಕೆಲಸವನ್ನು ಕ್ಯಾಮೆರಾಗಳಿಗೆ ಒಪ್ಪಿಸಿದ್ದಾರೆ. ಆದರೆ ಅಳತೆ ಶುರುವಾಗುವ ಮುನ್ನ ಚೆಂಡನ್ನು ಎಲ್ಲಿಡಬೇಕೆಂದು ತೀರ್ಮಾನಿಸುವವನು ಇವತ್ತಿಗೂ ಮನುಷ್ಯನೇ. ಗಡಿಕಲ್ಲನ್ನು ಅಂದಾಜಿನಲ್ಲಿ ನೆಟ್ಟು ಅದರಿಂದಾಚೆಗೆ ಉಪಗ್ರಹದಿಂದ ಅಳೆಯುವ ಈ ವ್ಯವಸ್ಥೆ ಅಭಿಮಾನಿಯ ಪಾಲಿಗೆ ಶಾಶ್ವತ ಅನ್ನದಾತ. ಅದೇ ವರ್ಷ ಜನವರಿಯಲ್ಲಿ ಬಫಲೋದ ಜೋಶ್ ಆಲನ್ ಕಾನ್ಸಾಸ್ ಸಿಟಿ ಎದುರು ಒಂದು ಗಜಕ್ಕಾಗಿ ನುಗ್ಗಿದಾಗ ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬುದರಲ್ಲಿ ಗೆರೆಯ ಎರಡು ತುದಿಯ ಇಬ್ಬರು ಅಧಿಕಾರಿಗಳಿಗೇ ಒಮ್ಮತ ಇರಲಿಲ್ಲ. ದಾಟಿಲ್ಲ ಎಂದೇ ಆಯಿತು. ಬಫಲೋ 32-29ರಿಂದ ಸೋತಿತು. ಈ ಪ್ರಕರಣ ಎಷ್ಟು ವರ್ಷ ನಡೆಯಬಹುದೆಂದು ಅಂದಾಜಿಸಲು 1991ರ ಕಡತವನ್ನೊಮ್ಮೆ ನೋಡಿದರೆ ಸಾಕು.

ಇಲ್ಲೊಂದು ಆಕ್ಷೇಪ ಬರುತ್ತದೆ. ಅಭಿಮಾನಿ ಸುಮ್ಮನೆ ಅರಚುವವನಲ್ಲ, ಅವನ ಬಳಿ ಅಂಕಿ-ಅಂಶ ಇದೆ, ವಿಡಿಯೊ ಇದೆ, ನಿಯಮಪುಸ್ತಕದ ಕಲಂ ಇದೆ ಎನ್ನುತ್ತಾರೆ. ಇದೆ, ನಿಜ. ಒಳ್ಳೆಯ ದಾವೆದಾರನ ಬಳಿ ದಾಖಲೆ ಇದ್ದೇ ಇರುತ್ತದೆ. ಯಾವ ದಾಖಲೆ ಚೀಲದಿಂದ ಹೊರಬರುತ್ತದೆ ಎಂಬುದಷ್ಟೇ ಪ್ರಶ್ನೆ. ಡಲ್ಲಾಸ್ ಕೌಬಾಯ್ಸ್ ಅಭಿಮಾನಿಯ ಚೀಲವನ್ನು ಬಿಚ್ಚೋಣ. ಮೇಲೆಯೇ ಇರುವುದು 2015ರ ಜನವರಿ 11. ಗ್ರೀನ್ ಬೇ ಊರಿನ ಲ್ಯಾಂಬೊ ಮೈದಾನ, ಪಂದ್ಯದ ಕೊನೆಯ ಘಟ್ಟ, ಡೆಸ್ ಬ್ರಯಂಟ್ ಮೇಲಕ್ಕೆ ಜಿಗಿದು ಎದುರಾಳಿಯ ತಲೆಯ ಮೇಲಿಂದ ಚೆಂಡು ಕಿತ್ತುಕೊಂಡ, ಹೆಜ್ಜೆ ಹಾಕುತ್ತಲೇ ಗೆರೆಯ ಕಡೆಗೆ ಚಾಚಿ ಬಿದ್ದ. ಬಿದ್ದಾಗ ಚೆಂಡು ನೆಲ ತಾಗಿ ಅಲುಗಿತು. ಕ್ಯಾಚ್ ಎಂದಿದ್ದ ತೀರ್ಪು ಮರುಪರಿಶೀಲನೆಯಲ್ಲಿ ತಿರುಗಿತು, ಡಲ್ಲಾಸ್ 26-21ರಿಂದ ಸೋತಿತು. ಅಭಿಮಾನಿ ಈ ದೃಶ್ಯವನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ, ಎಡಗೈ, ಮೊಣಕೈ, ಮೂರನೇ ಹೆಜ್ಜೆ ಎಂದು ಪಾಟೀ ಸವಾಲು ಮಾಡಬಲ್ಲ. ಈಗ ಅದೇ ಚೀಲದ ತಳಕ್ಕೆ ಕೈ ಹಾಕಿ. ಸರಿಯಾಗಿ ಒಂದು ವಾರ ಹಿಂದೆ, ಜನವರಿ 4ರಂದು, ಡಲ್ಲಾಸ್‌ನಲ್ಲೇ ಡೆಟ್ರಾಯಿಟ್ ಲಯನ್ಸ್ ಜೊತೆ ಪಂದ್ಯ. ಡಲ್ಲಾಸ್ ಆಟಗಾರ ಚೆಂಡಿನ ಕಡೆ ತಿರುಗದೆ ಎದುರಾಳಿಗೆ ಅಡ್ಡಬಂದನೆಂದು ರೆಫರಿಗಳು ಹಳದಿ ಬಟ್ಟೆ ಎಸೆದರು, ಮೈಕಿನಲ್ಲಿ ಅಪರಾಧವನ್ನು ಘೋಷಿಸಿಯೂ ಬಿಟ್ಟರು, ಆಮೇಲೆ ಏನೊಂದೂ ವಿವರಣೆ ಕೊಡದೆ ಬಟ್ಟೆಯನ್ನು ಎತ್ತಿಕೊಂಡು ಹೋದರು. ಡಲ್ಲಾಸ್ 24-20ರಿಂದ ಗೆದ್ದಿತು. ಡೆಟ್ರಾಯಿಟ್ ಊರಿನವರು ಈ ಬಟ್ಟೆಯ ಬಗ್ಗೆ ಮೊಮ್ಮಕ್ಕಳಿಗೆ ಹೇಳುತ್ತಾರೆ. ಡಲ್ಲಾಸ್ ಅಭಿಮಾನಿಗೆ ನೆನಪೇ ಇಲ್ಲ. ಆ ವಾರ ಅವನ ಮನೆಯಲ್ಲಿ ಕರೆಂಟು ಹೋಗಿತ್ತೋ ಏನೋ.

ಇದು ಬರೀ ಕಪಟವಾಗಿದ್ದರೆ ಹಾಸ್ಯಕ್ಕೆ ಸಿಕ್ಕುತ್ತಿರಲಿಲ್ಲ, ಖಂಡನೆಗೆ ಸಿಕ್ಕುತ್ತಿತ್ತು. ಅವನು ಸುಳ್ಳು ಹೇಳುತ್ತಿಲ್ಲ ಎಂಬುದೇ ಸ್ವಾರಸ್ಯ. 1951ರ ನವೆಂಬರ್‌ನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಪಂದ್ಯ ನಡೆಯಿತು. ಪ್ರಿನ್ಸ್‌ಟನ್‌ನ ತಾರಾ ಆಟಗಾರನ ಮೂಗು ಮುರಿಯಿತು, ಡಾರ್ಟ್‌ಮತ್ ಹುಡುಗನೊಬ್ಬನ ಕಾಲು ಮುರಿಯಿತು. ಎರಡೂ ಕಾಲೇಜಿನ ಇಬ್ಬರು ಮನಶ್ಶಾಸ್ತ್ರಜ್ಞರು, ಹಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್, ಆ ಪಂದ್ಯದ ಒಂದೇ ಫಿಲಂ ಅನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತು ಹಾಕಿ ಎಂದರು. ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳು ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಎಷ್ಟು ಕಂಡವೋ ಅದರ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಕಂಡವು. 1954ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಂದೆ ಎಲ್ಲ ಮರುಪ್ರಸಾರಗಳೂ ವ್ಯರ್ಥ. ಇನ್ನೊಂದು ಕೋನದಿಂದ ತೋರಿಸಿದರೆ ಸತ್ಯ ಗೊತ್ತಾಗುತ್ತದೆ ಎಂದು ಟಿವಿಯವರು ನಂಬಿ ಕ್ಯಾಮೆರಾಗಳನ್ನು ಹೆಚ್ಚಿಸುತ್ತಾ ಹೋದರು. ಆದದ್ದಿಷ್ಟೇ: ಮೊದಲು ಒಂದು ಕೋನದಿಂದ ಅನ್ಯಾಯವಾಗುತ್ತಿತ್ತು, ಈಗ ಹದಿನಾರು ಕೋನಗಳಿಂದ ಆಗುತ್ತದೆ.

ಆಟಗಾರರ ಬಗೆಗಿನ ಅಭಿಪ್ರಾಯಗಳಿಗೆ ಬಂದರೆ, ಇಲ್ಲಿ ದಾವೆದಾರ ನ್ಯಾಯಾಧೀಶನ ಕುರ್ಚಿಗೂ ಬಡ್ತಿ ಪಡೆಯುತ್ತಾನೆ. ಅವನ ಕಾನೂನಿನಲ್ಲಿ ಒಂದೇ ಕಲಂ: ಬೆರಳಲ್ಲಿ ಸೂಪರ್ ಬೌಲ್ ಉಂಗುರ ಇದೆಯೇ? ಡ್ಯಾನ್ ಮರೀನೊ 17 ಸೀಸನ್ ಆಡಿ, ನಿವೃತ್ತನಾಗುವಾಗ ಎಸೆತದ ದೊಡ್ಡ ದೊಡ್ಡ ದಾಖಲೆಗಳನ್ನೆಲ್ಲ ಹೆಸರಿಗೆ ಬರೆಸಿಕೊಂಡಿದ್ದ, ಉಂಗುರವಿಲ್ಲ. ಟ್ರೆಂಟ್ ಡಿಲ್ಫರ್ 2001ರ ಜನವರಿಯಲ್ಲಿ ಬಾಲ್ಟಿಮೋರ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವವ) ಆಗಿ ಸೂಪರ್ ಬೌಲ್ ಗೆದ್ದ. ಆ ಗೆಲುವಿನ ಶ್ರೇಯಸ್ಸು ತಂಡದ ರಕ್ಷಣಾ ಪಡೆಯದೆಂದು ತಂಡದವರಿಗೇ ಎಷ್ಟು ಖಚಿತವಿತ್ತೆಂದರೆ ಗೆದ್ದ ಕೈಬಿಸಿ ಆರುವ ಮುನ್ನ ಅವನನ್ನು ಕಳಿಸಿಬಿಟ್ಟರು. ಉಂಗುರದ ಕಲಮಿನ ಪ್ರಕಾರ ಡಿಲ್ಫರ್ ಮರೀನೊಗಿಂತ ಮೇಲು. ಹಾಗೆಂದು ಯಾವ ಅಭಿಮಾನಿಯೂ ಹೇಳುವುದಿಲ್ಲ. ಆದರೂ ಅದೇ ಕಲಮನ್ನು ಎದುರು ತಂಡದವನ ಮೇಲೆ ಪ್ರಯೋಗಿಸುವುದನ್ನು ಬಿಡುವುದಿಲ್ಲ. 2022ರ ಜನವರಿ 23ರ ರಾತ್ರಿ ಜೋಶ್ ಆಲನ್ ನಾಲ್ಕು ಟಚ್‌ಡೌನ್ ಎಸೆದು, 13 ಸೆಕೆಂಡು ಬಾಕಿಯಿರುವಾಗ ತಂಡವನ್ನು ಮೂರು ಅಂಕ ಮುಂದೆ ನಿಲ್ಲಿಸಿ ಬೆಂಚಿನಲ್ಲಿ ಕೂತ. ಕಾನ್ಸಾಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ ಆ 13 ಸೆಕೆಂಡಿನೊಳಗೆ ಎರಡೇ ಎಸೆತದಲ್ಲಿ 44 ಗಜ ಕ್ರಮಿಸಿದ, 49 ಗಜದ ಒದೆತದಿಂದ ಪಂದ್ಯ ಸಮವಾಯಿತು. ಓವರ್‌ಟೈಮ್‌ನ ನಾಣ್ಯ ಕಾನ್ಸಾಸ್ ಸಿಟಿಯ ಪರ ಬಿತ್ತು, ಅವರು ಮೊದಲ ಸರದಿಯಲ್ಲೇ ಟಚ್‌ಡೌನ್ ಹೊಡೆದು 42-36ರಿಂದ ಗೆದ್ದರು, ಆಲನ್ ಮತ್ತೆ ಚೆಂಡು ಮುಟ್ಟಲೇ ಇಲ್ಲ. ಕೂತಲ್ಲೇ ಸೋತವನು ಎಂಬ ವಿಚಿತ್ರ ಪದವಿ ಅವನದು. ಮರುದಿನದ ತೀರ್ಪು? ಮಹೋಮ್ಸ್‌ಗೆ ದೊಡ್ಡ ಪಂದ್ಯದ ಗುಂಡಿಗೆ ಇದೆ. ಆಲನ್‌ಗೆ ಇನ್ನೂ ಬರಬೇಕು. ನಾಣ್ಯ ಬಿದ್ದ ಮಗ್ಗುಲನ್ನು ನೋಡಿ ಒಬ್ಬನ ಗುಂಡಿಗೆಯನ್ನು ತೂಗುವ ವಿದ್ಯೆ ವೈದ್ಯಶಾಸ್ತ್ರಕ್ಕೂ ಒಲಿದಿಲ್ಲ.

ಹಾಗಾದರೆ ಟಾಮ್ ಬ್ರಾಡಿ? ಏಳು ಸೂಪರ್ ಬೌಲ್ ಅದೃಷ್ಟದಿಂದ ಬರುತ್ತದೆಯೇ ಎಂದು ಕೇಳಬಹುದು. ಬರುವುದಿಲ್ಲ. ಸಾಮರ್ಥ್ಯ ಇದ್ದೇ ಇತ್ತು. ಆದರೆ ಅಭಿಮಾನಿ ಸಾಮರ್ಥ್ಯ ಮತ್ತು ಅದೃಷ್ಟವನ್ನು ಹೇಗೆ ಹಂಚುತ್ತಾನೆ ಎಂಬುದನ್ನು ಗಮನಿಸಿ. 2002ರ ಜನವರಿ 19, ಬಾಸ್ಟನ್ ಬಳಿಯ ಮೈದಾನ, ಸುರಿಯುವ ಹಿಮ. ಓಕ್ಲಂಡ್ ರೇಡರ್ಸ್ ಆಟಗಾರ ಬ್ರಾಡಿಯನ್ನು ಕೆಡವಿದ, ಚೆಂಡು ಕೈಜಾರಿತು, ರೇಡರ್ಸ್ ಅದರ ಮೇಲೆ ಬಿದ್ದರು. ಪಂದ್ಯ ಮುಗಿದಂತೆಯೇ. ಆಗ ಎಸೆಯಲೆಂದು ಮುಂದೆ ತಂದ ಕೈಯನ್ನು ಮೈಕಡೆಗೆ ಎಳೆದುಕೊಳ್ಳುವಾಗ ಜಾರಿದ ಚೆಂಡನ್ನೂ ಎಸೆತವೆಂದೇ ಎಣಿಸಬೇಕೆಂಬ ನಿಯಮ ಎದ್ದು ಬಂತು. ಚೆಂಡು ಬ್ರಾಡಿಗೆ ಮರಳಿತು, ಆಡಮ್ ವಿನಾಟಿಯೇರಿ ಆ ಹಿಮದಲ್ಲಿ 45 ಗಜ ಒದ್ದು ಸಮ ಮಾಡಿದ, ಓವರ್‌ಟೈಮ್‌ನಲ್ಲಿ ಗೆದ್ದರು, ಎರಡು ವಾರದಲ್ಲಿ ಬ್ರಾಡಿಯ ಮೊದಲ ಸೂಪರ್ ಬೌಲ್. ಬಾಸ್ಟನ್ ಅಭಿಮಾನಿಯ ಕಥೆಯಲ್ಲಿ ಇದು ಹಿಮದಲ್ಲಿ ಹುಟ್ಟಿದ ಮಹಾಪುರುಷನ ಪುರಾಣ. ಓಕ್ಲಂಡ್‌ನವನ ಕಥೆಯಲ್ಲಿ ಹಗಲುದರೋಡೆ, ಅದೂ ರಾತ್ರಿ ಹೊತ್ತು. ನಿಯಮ ಮೂರ್ಖತನದ್ದಾಗಿತ್ತು, ರೆಫರಿ ಅದನ್ನು ಸರಿಯಾಗಿ ಅನ್ವಯಿಸಿದ, ವಿನಾಟಿಯೇರಿ ಅದ್ಭುತವಾಗಿ ಒದ್ದ ಎಂಬ ಮೂರೂ ಒಟ್ಟಿಗೆ ನಿಜವಾಗಿರಬಹುದು ಎಂಬ ಸಾಧ್ಯತೆಯನ್ನು ಎರಡೂ ಪಕ್ಷದ ವಕೀಲರು ತಿರಸ್ಕರಿಸುತ್ತಾರೆ.

ಕೋಚ್‌ಗಳ ಪಾಡು ಇನ್ನೂ ಕಷ್ಟ. ನಾಲ್ಕನೆಯ, ಅಂದರೆ ಕೊನೆಯ ಯತ್ನದಲ್ಲಿ ಚೆಂಡನ್ನು ಒದ್ದು ಕೈತೊಳೆದುಕೊಳ್ಳುವುದಕ್ಕಿಂತ ನುಗ್ಗುವುದೇ ಅನೇಕ ವೇಳೆ ಲಾಭ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 2006ರಲ್ಲಿ ಲೆಕ್ಕ ಸಮೇತ ಬರೆದ. ಡೆಟ್ರಾಯಿಟ್‌ನ ಡ್ಯಾನ್ ಕ್ಯಾಂಪ್‌ಬೆಲ್ 2023ರ ಸೀಸನ್ ಪೂರ್ತಿ ಹಾಗೆಯೇ ನುಗ್ಗಿಸಿದ. ದಶಕಗಳಿಂದ ಸೋತು ಸುಣ್ಣವಾಗಿದ್ದ ಊರು ಅವನನ್ನು ತಲೆಯ ಮೇಲೆ ಹೊತ್ತು ಕುಣಿಯಿತು. 2024ರ ಜನವರಿ 28ರಂದು ಸ್ಯಾನ್ ಫ್ರಾನ್ಸಿಸ್ಕೋ ಎದುರು ಅರ್ಧ ಆಟಕ್ಕೆ 24-7ರ ಮುನ್ನಡೆ. ದ್ವಿತೀಯಾರ್ಧದಲ್ಲಿ ಎರಡು ಸಲ ಮೂರು ಅಂಕದ ಒದೆತ ಬಿಟ್ಟು ನುಗ್ಗಿಸಿದ, ಎರಡೂ ಸಲ ಕೈಕೊಟ್ಟಿತು, ಮೂರೇ ಅಂಕದಿಂದ ಸೋತರು. ಡಿಸೆಂಬರ್‌ನಲ್ಲಿ ಎದೆಗಾರಿಕೆ ಎನಿಸಿಕೊಂಡದ್ದು ಜನವರಿಯಲ್ಲಿ ತಲೆತಿರುಕತನವಾಯಿತು. ಮನುಷ್ಯ ಅದೇ, ಲೆಕ್ಕ ಅದೇ, ಬದಲಾದದ್ದು ಸ್ಕೋರ್ ಬೋರ್ಡ್. 2015ರ ಸೂಪರ್ ಬೌಲ್‌ನಲ್ಲಿ ಒಂದೇ ಗಜ ದೂರದಿಂದ ಮಾರ್ಷಾನ್ ಲಿಂಚ್ ಕೈಗೆ ಚೆಂಡು ಕೊಡದೆ ಎಸೆಯಲು ಹೇಳಿದ ಸಿಯಾಟಲ್‌ನ ಪೀಟ್ ಕ್ಯಾರಲ್‌ಗಂತೂ ಕ್ಷಮಾದಾನವೇ ಇಲ್ಲ. ಆ ಚೆಂಡನ್ನು ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ಹಾರಿ ಕಿತ್ತುಕೊಂಡ. ಅವನು ಚೆನ್ನಾಗಿ ಆಡಿದ ಎಂದು ಒಪ್ಪಿಕೊಂಡರೆ ಕ್ಯಾರಲ್ ಮೇಲಿನ ಕೇಸು ದುರ್ಬಲವಾಗುತ್ತದೆ. ಆದ್ದರಿಂದ ಸಿಯಾಟಲ್‌ನ ಕಡತದಲ್ಲಿ ಬಟ್ಲರ್ ಹೆಸರು ಸಣ್ಣ ಅಕ್ಷರದಲ್ಲಿದೆ.

ಇದೆಲ್ಲ ಚಹಾದ ಜೊತೆಗಿನ ಹರಟೆ, ಯಾರೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ದಾವೆ ಗೀವೆ ಎಂದು ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ ಅವರನ್ನು ನ್ಯೂ ಆರ್ಲಿನ್ಸ್‌ಗೆ ಕಳಿಸಬೇಕಾಗುತ್ತದೆ. 2019ರ ಜನವರಿ 20ರಂದು ಸೇಂಟ್ಸ್ ಮತ್ತು ಲಾಸ್ ಏಂಜಲೀಸ್ ರ‍್ಯಾಮ್ಸ್ 20-20ರಲ್ಲಿದ್ದಾಗ, ಎರಡು ನಿಮಿಷಕ್ಕಿಂತ ಕಡಿಮೆ ಬಾಕಿಯಿರುವಾಗ, ಚೆಂಡು ಬರುವ ಮೊದಲೇ ರ‍್ಯಾಮ್ಸ್ ಆಟಗಾರ ಸೇಂಟ್ಸ್‌ನವನಿಗೆ ಗುದ್ದಿ ಕೆಡವಿದ. ಯಾರೂ ಹಳದಿ ಬಟ್ಟೆ ಎಸೆಯಲಿಲ್ಲ. ಇದರಲ್ಲಿ ಮಾತ್ರ ಅಭಿಮಾನಿಯ ಕಣ್ಣು ಸರಿಯಾಗಿಯೇ ಇತ್ತು. ಗುದ್ದಿದವನೇ ಆಮೇಲೆ ಹೆಚ್ಚುಕಡಿಮೆ ಒಪ್ಪಿಕೊಂಡ. ಓವರ್‌ಟೈಮ್‌ನಲ್ಲಿ ರ‍್ಯಾಮ್ಸ್ 26-23ರಿಂದ ಗೆದ್ದರು. ಮುಂದೆ ನಡೆದದ್ದು ರೂಪಕವಲ್ಲ: ಸೀಸನ್ ಟಿಕೆಟ್ ಇದ್ದವರು ನಿಜವಾದ ಕೋರ್ಟಿನಲ್ಲಿ ನಿಜವಾದ ದಾವೆ ಹೂಡಿದರು. ಪಂದ್ಯವನ್ನು ಆ ಕ್ಷಣದಿಂದ ಮತ್ತೆ ಆಡಿಸಬೇಕೆಂದು ಒಂದು ಅರ್ಜಿ. ವಂಚನೆಗೆ ಪರಿಹಾರ ಕೊಡಿಸಬೇಕೆಂದು ವಕೀಲರೊಬ್ಬರದು ಇನ್ನೊಂದು, ಬಂದ ಹಣವನ್ನು ದಾನಕ್ಕೆ ಕೊಡುವುದಾಗಿ ಮಾತು. ಎರಡನೆಯದು ಲೂಯಿಸಿಯಾನ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಅಲ್ಲಿ ವಜಾ ಆಯಿತು. ಈ ನಡುವೆ ಸೂಪರ್ ಬೌಲ್ ನಡೆದ ಮರುದಿನ ಊರಿನ ಪತ್ರಿಕೆ ಮುಖಪುಟವನ್ನು ಹೆಚ್ಚುಕಡಿಮೆ ಖಾಲಿ ಬಿಟ್ಟು ಅಚ್ಚು ಹಾಕಿತು, ಅಂಥದೊಂದು ಪಂದ್ಯ ನಡೆದೇ ಇಲ್ಲ ಎಂಬಂತೆ. ಇನ್ನು ಫಿಲಡೆಲ್ಫಿಯಾದಲ್ಲಿ 1997ರಲ್ಲಿ ಅಭಿಮಾನಿಗಳ ಪುಂಡಾಟ ಎಷ್ಟು ಮಿತಿಮೀರಿತೆಂದರೆ ಕ್ರೀಡಾಂಗಣದೊಳಗೇ ಒಂದು ನ್ಯಾಯಾಲಯ ತೆರೆದು, ಜಡ್ಜ್‌ರನ್ನು ಕೂರಿಸಿ, ಪಂದ್ಯದ ದಿನವೇ ವಿಚಾರಣೆ ನಡೆಸಿದರು. ನಾನು ಕೋರ್ಟಿನ ಹೋಲಿಕೆಯನ್ನು ಎಲ್ಲಿಂದಲೋ ಎಳೆದು ತಂದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದಕ್ಕೆ ನಾನು ಸ್ವಲ್ಪ ಬಾಗಲೇಬೇಕು. ಇವನ ಗೊಣಗಾಟದಿಂದ ಕಾನೂನು ಬದಲಾಗಿದೆಯಲ್ಲ? ಆಗಿದೆ. ಹಿಮದ ರಾತ್ರಿಯ ಆ ನಿಯಮವನ್ನು 2013ರಲ್ಲಿ ಕಿತ್ತುಹಾಕಿದರು. ಮತದಾನದಲ್ಲಿ ಬ್ರಾಡಿಯ ತಂಡ ಕೃತಜ್ಞತೆಗೋ ಸಂಕೋಚಕ್ಕೋ ತಟಸ್ಥವಾಗಿ ಕೂತಿತ್ತು. ಕ್ಯಾಚ್ ಎಂದರೇನು ಎಂಬುದನ್ನು 2018ರಲ್ಲಿ ಹೊಸದಾಗಿ ಬರೆದರು. ಪ್ಲೇಆಫ್ ಓವರ್‌ಟೈಮ್‌ನಲ್ಲಿ ಎರಡೂ ತಂಡಕ್ಕೆ ಒಂದೊಂದು ಸರದಿ ಸಿಗಲೇಬೇಕೆಂದು 2022ರಲ್ಲಿ 29-3 ಮತಗಳಿಂದ ಒಪ್ಪಿದರು. ಆದರೆ ಫಲ ಯಾರ ಮಡಿಲಿಗೆ ಬಿತ್ತು ನೋಡಿ. ಬಫಲೋದ ಕಣ್ಣೀರಿನಿಂದ ಹುಟ್ಟಿದ ಆ ನಿಯಮದಡಿ ಮೊದಲ ಓವರ್‌ಟೈಮ್ ನಡೆದದ್ದು 2024ರ ಸೂಪರ್ ಬೌಲ್‌ನಲ್ಲಿ, ಗೆದ್ದದ್ದು ಮತ್ತೆ ಕಾನ್ಸಾಸ್ ಸಿಟಿ. ಸೋತ ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಆಟಗಾರರು ತಮಗೆ ಹೊಸ ನಿಯಮ ಗೊತ್ತೇ ಇರಲಿಲ್ಲ ಎಂದರು. ನ್ಯೂ ಆರ್ಲಿನ್ಸ್ ಪ್ರಕರಣದ ನಂತರ ಅಂಥ ತಪ್ಪುಗಳನ್ನೂ ವಿಡಿಯೊ ನೋಡಿ ತಿದ್ದಬಹುದೆಂದು 2019ರಲ್ಲಿ ತಂದ ನಿಯಮ ಎಷ್ಟು ಹೊಸ ದಾವೆಗಳಿಗೆ ದಾರಿ ಮಾಡಿತೆಂದರೆ ಒಂದೇ ಸೀಸನ್‌ಗೆ ಅದನ್ನು ಕೈಬಿಟ್ಟರು. ಕ್ವಾರ್ಟರ್‌ಬ್ಯಾಕನ್ನು ಹಿಂದಿನಿಂದ ತಳ್ಳಿ ಗೆರೆ ದಾಟಿಸುವ ಫಿಲಡೆಲ್ಫಿಯಾದ ಉಪಾಯವನ್ನು ನಿಷೇಧಿಸಬೇಕೆಂದು 2025ರಲ್ಲಿ ಗ್ರೀನ್ ಬೇ ತಂಡ ಅರ್ಜಿ ಹಾಕಿತು. ಅದೇ ಜನವರಿಯಲ್ಲಿ ಅವರು ಫಿಲಡೆಲ್ಫಿಯಾ ಎದುರು 22-10ರಿಂದ ಸೋತಿದ್ದರು. ನಿಷೇಧಕ್ಕೆ 24 ಮತ ಬೇಕಿತ್ತು, ಬಂದದ್ದು ಪರವಾಗಿ 22, ವಿರುದ್ಧ 10. ಮೈದಾನದಲ್ಲೂ ಸಭೆಯಲ್ಲೂ ಅದೇ ಅಂಕಿಗಳಲ್ಲಿ ಸೋತ ಇನ್ನೊಬ್ಬ ಕಕ್ಷಿದಾರನನ್ನು ತೋರಿಸಿ ನೋಡೋಣ.

ಅವನು ಬರೀ ಜಗಳಗಂಟ ಎಂದು ಓದುಗರಿಗೆ ಅನ್ನಿಸಿದರೆ ಅದು ಅನ್ಯಾಯ. ನಾರ್‌ವುಡ್‌ನ ಚೆಂಡು ಬಲಕ್ಕೆ ಹೋದ ಮರುದಿನ ಬಫಲೋದ ನಡುಚೌಕದಲ್ಲಿ ಸೇರಿದ ಸಾವಿರಾರು ಜನ ಅವನ ಹೆಸರನ್ನೇ ಕೂಗಿ ಕೂಗಿ ವೇದಿಕೆಗೆ ಕರೆಸಿದರು, ಅವನು ಕಣ್ತುಂಬಿಕೊಂಡು ಮಾತಾಡಿದ. 2017ರ ಡಿಸೆಂಬರ್ 31ರಂದು ಸಿನ್ಸಿನಾಟಿಯ ಆಂಡಿ ಡಾಲ್ಟನ್ ಬೇರೆಲ್ಲೋ ಆಡುತ್ತಾ ಬಾಲ್ಟಿಮೋರನ್ನು ಕೊನೆ ಗಳಿಗೆಯಲ್ಲಿ ಸೋಲಿಸಿದ್ದರಿಂದ ಬಫಲೋಗೆ 17 ವರ್ಷಗಳ ನಂತರ ಪ್ಲೇಆಫ್ ಬಾಗಿಲು ತೆರೆಯಿತು. ಆ ಊರಿನವರು ಡಾಲ್ಟನ್‌ನ ದತ್ತಿಸಂಸ್ಥೆಗೆ ಹದಿನೇಳು ಹದಿನೇಳು ಡಾಲರ್ ಕಳಿಸಿದರು. ತನ್ನ ಪರ ಸಾಕ್ಷಿ ಹೇಳಿದವನಿಗೆ ಬಸ್ ಚಾರ್ಜು ಕೊಡುವ ಮರ್ಯಾದೆ ಇದು. ಗ್ರೀನ್ ಬೇ ತಂಡದ ಷೇರನ್ನು ಐದು ಲಕ್ಷಕ್ಕೂ ಹೆಚ್ಚು ಜನ ಕೊಂಡಿದ್ದಾರೆ. ಅದಕ್ಕೆ ಲಾಭಾಂಶವಿಲ್ಲ, ಮಾರಿ ದುಡ್ಡು ಮಾಡುವಂತಿಲ್ಲ. ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಬಹುದು, ವರ್ಷಕ್ಕೊಮ್ಮೆ ಸಭೆಗೆ ಹೋಗಿ ಕೂರಬಹುದು. ಬರೀ ಖಾತೆಯಲ್ಲಿ ಹೆಸರಿರಲಿ ಎಂದು ದುಡ್ಡು ಕೊಡುವವನ ಮನಸ್ಸು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಗೆ ಹೋದ ಕನ್ನಡಿಗರೂ ಈ ಪಕ್ಷಗಾರಿಕೆಗೆ ಸೇರುತ್ತಾರೆ, ತಂಡವನ್ನು ಮಾತ್ರ ಕಂಪನಿಯ ಎಚ್‌ಆರ್ ವಿಭಾಗ ಆರಿಸಿಕೊಟ್ಟಿರುತ್ತದೆ. ಕೆಲಸ ಸ್ಯಾನ್ ಹೊಸೆಯಲ್ಲಾದರೆ ಫೋರ್ಟಿನೈನರ್ಸ್. ನ್ಯೂಜೆರ್ಸಿಯಲ್ಲಾದರೆ ಜೈಂಟ್ಸ್ ಅಥವಾ, ಗ್ರಹಚಾರ ಕೆಟ್ಟಿದ್ದರೆ, 1969ರ ಜನವರಿಯ ನಂತರ ಸೂಪರ್ ಬೌಲ್ ಮುಖವನ್ನೇ ಕಾಣದ ಜೆಟ್ಸ್. ‘ಈ ಸಲ ಕಪ್ ನಮ್ದೇ’ ಎಂದು ಹದಿನೆಂಟು ವರ್ಷ ಕೂಗಿ 2025ರಲ್ಲಿ ಹಕ್ಕುಪತ್ರ ಪಡೆದ ಆರ್‌ಸಿಬಿ ಅಭಿಮಾನಿಗೆ ಹೊಸದಾಗಿ ಕಲಿಯಬೇಕಾದದ್ದು ನಿಯಮಗಳಷ್ಟೇ. ಮನೋಧರ್ಮದ ತರಬೇತಿ ಚಿನ್ನಸ್ವಾಮಿಯಲ್ಲೇ ಮುಗಿದಿರುತ್ತದೆ.

ಗೆದ್ದಾಗ ಏನಾಗುತ್ತದೆ ಎಂಬುದು ಉಳಿಯಿತು. ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟು ಹತ್ತಿದವರ ಬಗ್ಗೆ ನಮ್ಮಲ್ಲೊಂದು ಗಾದೆ ಇದೆ. ಇಲ್ಲಿ ಅದು ಅರ್ಧ ಮಾತ್ರ ಹೊಂದುತ್ತದೆ. ಕಾಲೇಜು ತಂಡ ಶನಿವಾರ ಗೆದ್ದರೆ ಸೋಮವಾರ ತಂಡದ ಅಂಗಿ ತೊಟ್ಟು ತರಗತಿಗೆ ಬರುವ ವಿದ್ಯಾರ್ಥಿಗಳು ಹೆಚ್ಚುತ್ತಾರೆ ಎಂದು ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲೇ ಏಳು ವಿಶ್ವವಿದ್ಯಾಲಯಗಳಲ್ಲಿ ತಲೆಯೆಣಿಸಿ ತೋರಿಸಿದ್ದಾರೆ. 2018ರ ಜನವರಿಯಲ್ಲಿ ಫಿಲಡೆಲ್ಫಿಯಾ ಸೂಪರ್ ಬೌಲ್ ಹೊಸ್ತಿಲಿಗೆ ಬಂದಾಗ, ಗೆದ್ದರೆ ಜನ ದೀಪದ ಕಂಬ ಹತ್ತುತ್ತಾರೆಂದು ಪೊಲೀಸರು ಮುನ್ನವೇ ಕಂಬಗಳಿಗೆ ಡಾಲ್ಡಾದಂಥ ಜಿಡ್ಡು ಬಳಿದರು. ತಂಡ ಗೆದ್ದಿತು, ಜನ ಜಿಡ್ಡಿನ ಸಮೇತ ಹತ್ತಿದರು. ಕಂಬದ ತುದಿಯಲ್ಲಿ ಕೂತವನಿಗೆ ರೆಫರಿಯ ಮೇಲೆ ಯಾವ ತಕರಾರೂ ಇರುವುದಿಲ್ಲ. ವ್ಯವಸ್ಥೆ ನ್ಯಾಯಬದ್ಧವಾಗಿದೆ, ತೀರ್ಪು ಅಂತಿಮ. ಆದರೆ ಫೆಬ್ರವರಿ ಕಳೆದು ಏಪ್ರಿಲ್ ಬರುತ್ತದೆ, ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್ ಬರುತ್ತದೆ. ಇನ್ನೂ ಒಂದು ಚೆಂಡನ್ನೂ ಮುಟ್ಟದ ಹುಡುಗರ ಆಯ್ಕೆಗೆ ಅಭಿಮಾನಿ ಅಂದೇ ರಾತ್ರಿ ಅಂಕ ಕೊಡುತ್ತಾನೆ, ನಮ್ಮವರು ಮತ್ತೆ ಕೆಡಿಸಿದರು ಎನ್ನುತ್ತಾನೆ. 2000ನೇ ಇಸವಿಯ ಡ್ರಾಫ್ಟ್‌ನಲ್ಲಿ ಬ್ರಾಡಿಯ ಸರದಿ ಬಂದದ್ದು 199ನೆಯದಾಗಿ. ಅವನನ್ನು ಕೊನೆಗೆ ಆರಿಸಿದ ಪೇಟ್ರಿಯಟ್ಸ್ ಕೂಡ ಅದಕ್ಕೆ ಮುಂಚೆ ಬೇರೆ ಆರು ಜನರನ್ನು ಆರಿಸಿ ಮುಗಿಸಿದ್ದರು. ಆ ದಿನ ಬ್ರಾಡಿ ಬೇಕೆಂದು ತಾನು ಹೇಳಿದ್ದೆ, ತನ್ನ ತಂಡದವರೇ ಕಿವಿಗೆ ಹಾಕಿಕೊಳ್ಳಲಿಲ್ಲ ಎನ್ನುವವನು ಎಲ್ಲ ಊರಿನಲ್ಲೂ ಸಿಗುತ್ತಾನೆ. ಬೇಕಾದರೆ ಸಾಕ್ಷಿಗೆ ಭಾವಮೈದುನನನ್ನು ಕರೆಸುತ್ತಾನೆ.